ಒಣನೆಲದ ಕಾಡುಬೀಜ, ಕಾರ್ಖಾನೆಯ ಎಣ್ಣೆ
(ಬೆಟ್ಟಸೀಮೆಯ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಜಡಿಮಳೆಯ ಈ ನಾಡಿನಲ್ಲಿ ನಿಂತು ಮರುಭೂಮಿಯ ಗಿಡದ ಕುರಿತು ಮಾತನಾಡುವುದು ನಿಮಗೆ ವಿಚಿತ್ರವೆನಿಸಬಹುದು. ಆದರೆ ‘ಪಾಳು ನೆಲದಲ್ಲಿ ಎಣ್ಣೆ ಬೆಳೆಯಿರಿ’ ಎಂಬ ಮಾತು ಬಯಲಿನಲ್ಲಿ ಹುಟ್ಟಿದರೂ ಘಟ್ಟ ಹತ್ತಿ ನಮ್ಮ ಸೊಪ್ಪಿನಬೆಟ್ಟದವರೆಗೆ ಬರುತ್ತದೆ. ಆದುದರಿಂದ ಒಂದು ಗಿಡದ ಕಥೆಯನ್ನು ತುಸು ವಿವರವಾಗಿಯೇ ಹೇಳುತ್ತೇನೆ.

ಅದು ಜೊಜೊಬಾ. ಅಮೆರಿಕ ಮತ್ತು ಮೆಕ್ಸಿಕೋಗಳಲ್ಲಿ ಹರಡಿರುವ ಸೊನೋರಾ ಮರುಭೂಮಿಯ ನಿತ್ಯಹಸುರು ಪೊದೆ. ಶಾಸ್ತ್ರೀಯ ಹೆಸರಿನಲ್ಲಿ ‘ಚೈನೆನ್ಸಿಸ್’ ಎಂದಿದ್ದರೂ ಚೀನಾಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಸರಿಟ್ಟವರ ಪ್ರಮಾದ, ನಮ್ಮ ಶಾಸ್ತ್ರದಲ್ಲಿ ಇಂಥವು ಸಾಕಷ್ಟಿವೆ. ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆ. ನಿಜವಾಗಿ ಅದು ಎಣ್ಣೆಯಲ್ಲ, ದ್ರವರೂಪದ ಮೇಣ. ಶೇಂಗಾ ಎಣ್ಣೆಯಲ್ಲಿ ಒಂದು ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಇಲ್ಲಿ ಉದ್ದನೆಯ ಒಂದು ಆಮ್ಲ, ಉದ್ದನೆಯ ಒಂದು ಆಲ್ಕೊಹಾಲು ಜೋಡಿಯಾಗಿವೆ. ಹೀಗಾಗಿ ಬೇಗನೆ ಕಮಟುವುದಿಲ್ಲ, ಶಾಖವನ್ನೂ ತಡೆಯುತ್ತದೆ. ಸ್ಪರ್ಮ್ ತಿಮಿಂಗಿಲದ ಎಣ್ಣೆಗೂ ಇಂಥದೇ ಗುಣವಿದ್ದುದರಿಂದ ಅದನ್ನು ಯಂತ್ರಗಳಿಗೆ ಬಳಸುತ್ತಿದ್ದರು. 1970ರಲ್ಲಿ ಅಮೆರಿಕವು ಆ ತಿಮಿಂಗಿಲವನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಎಣ್ಣೆಯ ಆಮದು ನಿಂತಿತು. ಆಗ ಎಲ್ಲರ ಕಣ್ಣೂ ಈ ಪೊದೆಯ ಮೇಲೆ ಬಿದ್ದಿತು.

ಹಣ ಹೂಡುವವರು ಬಂದರು; ಬೀಜ ನೆಟ್ಟು ತೋಟ ಎಬ್ಬಿಸಿದರು. ಎಡವಿದ್ದು ಅಲ್ಲಿಯೇ. ನಮ್ಮ ಜಾಯಿಕಾಯಿಯ ಹಾಗೆ ಜೊಜೊಬಾದಲ್ಲಿಯೂ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಬೀಜದಿಂದೆದ್ದ ಸಸಿಗಳಲ್ಲಿ ಅರ್ಧದಷ್ಟು ಗಂಡು. ಹೂ ಬಿಡುವ ತನಕ, ಅಂದರೆ ಮೂರು-ನಾಲ್ಕು ವರ್ಷ, ಅದು ತಿಳಿಯುವುದಿಲ್ಲ. ಹೆಣ್ಣು ಗಿಡಗಳಲ್ಲಿಯೂ ಒಂದು ಕಾಯಿ ಹೊತ್ತರೆ ಇನ್ನೊಂದು ಬರಡು. ಅನೇಕ ತೋಟಗಳು ಪಾಳು ಬಿದ್ದವು. ಆಯ್ದ ತಾಯಿಗಿಡಗಳ ಕಡ್ಡಿಗೆ ಬೇರು ಬರಿಸಿ ನೆಟ್ಟು, ನೀರೂ ಕೊಟ್ಟ ಮೇಲೆ ಇಸ್ರೇಲ್, ಅರ್ಜೆಂಟೀನಾಗಳಲ್ಲಿ ಬೆಳೆ ನೆಲೆಯೂರಿತು. ನಮ್ಮ ರಾಜಸ್ಥಾನದಲ್ಲಿಯೂ ಬೆಳೆಸುತ್ತಾರೆ. ಯಂತ್ರಕ್ಕೆಂದು ಹೊರಟ ಆ ಎಣ್ಣೆ ಇಂದು ಹೆಚ್ಚಾಗಿ ಸೇರುವುದು ಮುಖಕ್ಕೆ ಹಚ್ಚುವ ಕ್ರೀಮಿಗೆ.

ಬರವನ್ನು ತಡೆದು ಬದುಕುವುದು ಬೇರೆ, ಬರದಲ್ಲಿ ಫಸಲು ಕೊಡುವುದು ಬೇರೆ. ಜಟ್ರೋಫಾ, ಅಂದರೆ ಕಾಡುಹರಳಿನ ವಿಷಯದಲ್ಲಿ ನಮ್ಮ ದೇಶವೂ ಇದನ್ನು ಮರೆಯಿತು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಅದನ್ನು ಎತ್ತಿ ಹಿಡಿಯಿತು. 2017ರೊಳಗೆ ಡೀಸೆಲಿಗೆ ಶೇ. 20ರಷ್ಟು ಜೈವಿಕ ಇಂಧನ ಬೆರೆಸುವುದೆಂದು 2009ರ ನೀತಿ ಗುರಿಯಿಟ್ಟಿತು. ಆ ಗುರಿಯ ಹತ್ತಿರಕ್ಕೂ ಹೋಗಲಿಲ್ಲ. ನಾನೂ ಮನೆಯ ಹಿಂದೆ ಮೂವತ್ತು ಸಸಿ ನೆಟ್ಟವನೇ. ದನ ಮುಟ್ಟುವುದಿಲ್ಲವಾದ್ದರಿಂದ ಬೇಲಿಗೆ ಒದಗಿದವು. ಬೀಜ ಒಂದು ಸೇರೂ ತುಂಬಲಿಲ್ಲ. ಹಿಂಡಿಯೂ ವಿಷ, ಕೊಟ್ಟಿಗೆಗೆ ಬಾರದು.

ಹಾಗೆಂದು ಎಣ್ಣೆಬೀಜಗಳೇ ಬೇಡವೆಂದು ನಾನು ಹೇಳುತ್ತಿಲ್ಲ. ಬಯಲಿನ ಬದುಗಳಲ್ಲಿ ಹೊಂಗೆ ನಿಂತಿದೆ. ಅದರ ಬೇರು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ, ಸೊಪ್ಪು ಗದ್ದೆಗೆ, ಹಿಂಡಿ ಗೊಬ್ಬರಕ್ಕೆ, ಎಣ್ಣೆ ಹಿಂದೆ ದೀಪಕ್ಕೆ, ಈಗ ಎಂಜಿನ್ನಿಗೂ ಆಗುತ್ತದೆ. ಬೀಜದ ಬೆಲೆ ಬಿದ್ದ ವರ್ಷವೂ ರೈತನಿಗೆ ನಷ್ಟವಿಲ್ಲ.

ಆದರೆ ಸೊಪ್ಪಿನಬೆಟ್ಟವನ್ನು ಕಾಗದದಲ್ಲಿ ‘ಪಾಳು’ ಎಂದು ಬರೆದು ಒಂದೇ ಜಾತಿಯ ಗಿಡ ನೆಡಲು ಕೇಳಿದರೆ, ತಾಯಿಗಿಡ ಯಾವುದು, ನೀರು ಎಲ್ಲಿಯದು, ಕೊಳ್ಳುವವರು ಬಾರದಿದ್ದರೆ ಬೆಟ್ಟ ಯಾರ ಕೈಯಲ್ಲಿ ಉಳಿಯುತ್ತದೆ ಎಂದು ಗ್ರಾಮಸಭೆಯಲ್ಲಿ ಬರವಣಿಗೆಯ ಉತ್ತರ ಕೇಳಿರಿ. ಅಂಥ ಕಾಗದ ನಿಮ್ಮಲ್ಲಿ ಯಾರ ಕೈಗಾದರೂ ಈಗಾಗಲೇ ಬಂದಿದ್ದರೆ ಚಹಾದ ಹೊತ್ತಿಗೆ ತನ್ನಿ, ಕೂತು ಓದೋಣ.