ತಲಾಕ್ ಪ್ರಕರಣಗಳಲ್ಲಿ ವಕೀಲರ ಹೊಣೆ
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಕೀಲೆಯೊಬ್ಬರು ಮಾಡಿದ ಭಾಷಣದ ಬರಹ ರೂಪ)

 

ಇಂಥ ಸಮಾರಂಭದಲ್ಲಿ ಸಾಮಾನ್ಯವಾಗಿ ಡಾಕ್ಟರು, ಇಂಜಿನಿಯರು ಮಾತಾಡುತ್ತಾರೆ. ಮನೆ ಮುರಿದವರ ಕೇಸು ನಡೆಸುವ ನನ್ನನ್ನು ಕರೆದಿದ್ದೀರಿ. ‘ಶುಭ ಸಮಾರಂಭದಲ್ಲಿ ತಲಾಕಿನ ಮಾತು ಯಾಕೆ?’ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ರೋಗದ ಬಗ್ಗೆ ಮಾತಾಡದೆ ಇದ್ದರೆ ರೋಗ ಹೋಗುವುದಿಲ್ಲ. ಅದಕ್ಕೇ ಬಂದಿದ್ದೇನೆ.

ನಾನು ವಿಜಯಪುರದಲ್ಲಿ ವಕಾಲತ್ತು ಆರಂಭಿಸಿದ್ದು 2001ರಲ್ಲಿ. ಆಗ ಊರಿನ ಹೆಸರು ಬಿಜಾಪುರ. ಅದೇ ವರ್ಷ ಸುಪ್ರೀಂ ಕೋರ್ಟು ಡ್ಯಾನಿಯಲ್ ಲತೀಫಿ ಪ್ರಕರಣದ ತೀರ್ಪು ಕೊಟ್ಟಿತು. ಶಾಬಾನು ತೀರ್ಪಿನ ನಂತರ ಬಂದ 1986ರ ಕಾಯ್ದೆಯ ಪ್ರಕಾರ ಗಂಡನ ಹೊಣೆ ಇದ್ದತ್ತಿನ ಅವಧಿಗೇ ಮುಗಿಯುತ್ತದೆ ಎಂದು ಜನ ತಿಳಿದಿದ್ದರು. ಹಾಗಲ್ಲ, ಇದ್ದತ್ ಮುಗಿಯುವುದರೊಳಗೆ ಆಕೆಯ ಮುಂದಿನ ಬದುಕಿಗೂ ನ್ಯಾಯವಾದ ಏರ್ಪಾಡು ಮಾಡಬೇಕು ಎಂದು ಕೋರ್ಟು ಹೇಳಿತು. ಮರುವರ್ಷ, 2002ರಲ್ಲಿ, ಶಮೀಮ್ ಆರಾ ಪ್ರಕರಣದ ತೀರ್ಪು ಬಂತು. ‘ಹಿಂದೆ ಎಂದೋ ತಲಾಕ್ ಕೊಟ್ಟಿದ್ದೇನೆ’ ಎಂದು ಕೋರ್ಟಿನ ಕಾಗದದಲ್ಲಿ ಬರೆದುಕೊಟ್ಟ ಮಾತ್ರಕ್ಕೆ ತಲಾಕ್ ಆಗುವುದಿಲ್ಲ. ಸಕಾರಣ ಇರಬೇಕು, ಅದಕ್ಕೂ ಮೊದಲು ರಾಜಿಯ ಪ್ರಯತ್ನ ನಡೆದಿರಬೇಕು ಎಂದಾಯಿತು.

ಈ ಎರಡು ತೀರ್ಪುಗಳನ್ನು ಓದಿಕೊಂಡು, ಇನ್ನು ನನಗೆ ಸಮನಾರು ಎಂದುಕೊಂಡಿದ್ದೆ. ನಂತರ ನಡೆದದ್ದನ್ನು ನಿಮಗೆ ಹೇಳಬೇಕು.

ಟಿಕೋಟಾ ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಮಣೂಕ ಆರಿಸುವ ಕೂಲಿ ಮಾಡುತ್ತಿದ್ದಳು. ಗಂಡ ಎರಡು ವರ್ಷಕ್ಕೂ ಮೇಲೆ ಒಂದು ರೂಪಾಯಿ ಕೊಟ್ಟಿರಲಿಲ್ಲ. ಆರು ವರ್ಷದ ಮಗನಿದ್ದ. ‘ನಾನೇ ಬಿಡುಗಡೆ ಕೇಳಿದ್ರ ಮೆಹರ್ ಬಿಡಬೇಕಂತಲ್ಲ ಆಪಾ?’ ಎಂದು ಕೇಳಿದಳು. ಖುಲಾದಲ್ಲಿ ಸಾಮಾನ್ಯವಾಗಿ ಮೆಹರ್ ಬಿಟ್ಟುಕೊಡುವುದು ರೂಢಿ. ಆದರೆ 1939ರ ಮುಸ್ಲಿಂ ವಿವಾಹ ವಿಚ್ಛೇದನ ಕಾಯ್ದೆಯಡಿ, ಎರಡು ವರ್ಷ ಪೋಷಣೆ ಮಾಡದ ಗಂಡನಿಂದ ಹೆಂಡತಿ ಕೋರ್ಟಿನ ಮೂಲಕ ಬಿಡುಗಡೆ ಪಡೆಯಬಹುದು. ಅದೇ ಕಾಯ್ದೆಯ 5ನೇ ಕಲಮಿನ ಪ್ರಕಾರ ಆಕೆಯ ಮೆಹರಿನ ಹಕ್ಕು ಹಾಗೇ ಉಳಿಯುತ್ತದೆ. ಕೇಸು ಹಾಕಿದೆ.

ಸಾಕ್ಷಿ ಹೇಳಲು ಗಂಡನ ತಾಯಿ ಬಂದರು. ನಾನು ಆ ಮುದುಕಿಯನ್ನು ಪಾಟಿ ಸವಾಲಿನಲ್ಲಿ ಅಳಿಸಿಬಿಟ್ಟೆ. ‘ಸೊಸೆಯನ್ನು ಉಪವಾಸ ಕೆಡವಿದ ಅತ್ತೆ’ ಎಂದೆ. ಕೇಸು ಗೆದ್ದೆವು. ಅಂದು ನನಗೆ ನೆಲ ಕಾಣಲಿಲ್ಲ.

ಆರು ತಿಂಗಳ ಮೇಲೆ ಅದೇ ಹೆಣ್ಣುಮಗಳು ಬಂದಳು. ‘ಆಪಾ, ಗೆದ್ದೀವಿ ಖರೆ. ಆದ್ರ ಗಂಡಗ ಗೊತ್ತಿಲ್ದಂಗ ನನ್ನ ತವರಿಗೆ ಜ್ವಾಳ ಕಳಸ್ತಿದ್ದಾಕಿ ಆ ಮುದುಕಿನೇ. ಈಗ ಆಕಿ ನಮ್ಮ ಓಣಿಗೆ ಕಾಲಿಡೂದಿಲ್ಲ. ಹುಡುಗ ದಾದಿ ಎಲ್ಲಿ ಅಂತ ಕೇಳ್ತಾನ’ ಎಂದಳು. ನನಗೆ ಮಾತೇ ಹೊರಡಲಿಲ್ಲ. ಆಕೆ ಮೊದಲೇ ಯಾಕೆ ಹೇಳಲಿಲ್ಲ? ನಾನು ಕೇಳಿರಲಿಲ್ಲ, ಅದಕ್ಕೆ. ನಾನು ಕೇಳಿದ್ದೆಲ್ಲ ಆ ಮನೆಯವರ ತಪ್ಪುಗಳನ್ನು ಮಾತ್ರ.

ಅಂದಿನಿಂದ ಯಾವ ಕಕ್ಷಿದಾರರು ಬಂದರೂ ಮೊದಲ ದಿನ ನಾನು ಕೇಳುವ ಪ್ರಶ್ನೆ ಒಂದೇ: ‘ಆ ಮನ್ಯಾಗ ನಿಮಗ ಒಳ್ಳೇದು ಮಾಡಿದವರು ಯಾರು?’ ಉತ್ತರ ಹೇಳುವಾಗ ಅನೇಕರ ಸಿಟ್ಟು ಅರ್ಧ ಇಳಿಯುತ್ತದೆ. ರಾಜಿಗೆ ಯಾರನ್ನು ಕರೆಯಬೇಕು ಎಂಬುದೂ ಅಲ್ಲೇ ತಿಳಿಯುತ್ತದೆ. ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಿರಿ ಎಂಬ ಮಾರ್ಗ ಸೂರಾ ನಿಸಾದಲ್ಲಿದೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 9ನೇ ಕಲಮೂ ಮೊದಲು ರಾಜಿಗೆ ಪ್ರಯತ್ನಿಸಬೇಕು ಎನ್ನುತ್ತದೆ. ಆದರೆ ಹೊಡೆತ ತಿಂದು ಬಂದವಳನ್ನು ‘ಹೊಂದಿಕೊಂಡು ಹೋಗವ್ವಾ’ ಎಂದು ಹಿಂದಕ್ಕೆ ಕಳಿಸುವುದು ರಾಜಿಯಲ್ಲ. ಈ ವ್ಯತ್ಯಾಸವನ್ನು ಜಮಾತಿನ ಹಿರಿಯರು ದಯವಿಟ್ಟು ಗಮನಿಸಬೇಕು.

ನಾನು ಗಂಡಸರ ಪರವಾಗಿಯೂ ನಿಲ್ಲುತ್ತೇನೆ. 2019ರ ನಂತರದ ಮಾತು. ಬಬಲೇಶ್ವರ ಕಡೆಯ ಯುವಕನೊಬ್ಬ ಮೂರು ತಲಾಕ್ ಬರೆಸಿದ ಛಾಪಾ ಕಾಗದ ಹಿಡಿದು ಬಂದ. ಇನ್ನೂ ಸಹಿ ಹಾಕಿರಲಿಲ್ಲ, ಕಳಿಸಿರಲಿಲ್ಲ. ‘ತಮ್ಮಾ, 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ಒಂದೇ ಉಸಿರಿನ ಮೂರು ತಲಾಕನ್ನು ರದ್ದು ಮಾಡಿದೆ. 2019ರ ಕಾಯ್ದೆಯ ಪ್ರಕಾರ ಇದಕ್ಕೆ ಮೂರು ವರ್ಷದವರೆಗೆ ಜೈಲು. ಈ ಕಾಗದದಿಂದ ಮದುವೆ ಮುರಿಯೋದಿಲ್ಲ, ನೀನು ಒಳಗ ಹೋಗ್ತಿ’ ಎಂದೆ. ಆತ ಕುರ್ಚಿಯಲ್ಲಿ ಕುಸಿದ. ಎರಡೂ ಮನೆಯ ಹಿರಿಯರು ಎರಡು ಸಲ ಕೂತರು. ಮನಸ್ಸು ಕೂಡಲಿಲ್ಲ. ಹುಡುಗಿಗೆ ಬೇರೆ ವಕೀಲರನ್ನು ಇಟ್ಟುಕೊಳ್ಳಲು ನಾನೇ ಹೇಳಿಕಳಿಸಿದೆ. ಕೊನೆಗೆ ಮುಬಾರಾತ್, ಅಂದರೆ ಇಬ್ಬರ ಒಪ್ಪಿಗೆಯ ಬಿಡುಗಡೆ ಆಯಿತು. ಮೆಹರ್, ಒಡವೆ, ಪಾತ್ರೆ ಪಗಡಿ ಎಲ್ಲಕ್ಕೂ ಪಟ್ಟಿ ಮಾಡಿ ಒಪ್ಪಿಸಿದೆವು. ಯಾರೂ ಯಾರಿಗೂ ಶಾಪ ಹಾಕದೆ ಹೊರಟರು. ಅದೂ ಒಂದು ಗೆಲುವೇ ಎಂದು ಈಗ ತಿಳಿದಿದ್ದೇನೆ.

ವಿದ್ಯಾರ್ಥಿಗಳೆ, ಕೆಲವು ಮಾತು ನೆನಪಿಡಿ. ನಿಕಾಹ್‌ನಾಮಾದ ಒಂದು ಪ್ರತಿ ಹುಡುಗಿಯ ಕೈಯಲ್ಲಿ ಇರಲಿ. ಮೆಹರಿನ ಮೊತ್ತ, ಕೊಟ್ಟದ್ದೆಷ್ಟು, ಬಾಕಿ ಎಷ್ಟು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಓದದೆ ಯಾವ ಛಾಪಾ ಕಾಗದಕ್ಕೂ ಸಹಿ ಹಾಕಬೇಡಿ. 2024ರ ಜುಲೈ 10ರ ತೀರ್ಪಿನ ಪ್ರಕಾರ, ತಲಾಕ್ ಆದ ಮುಸ್ಲಿಂ ಮಹಿಳೆಯೂ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಡಿ ಜೀವನಾಂಶ ಕೇಳಬಹುದು. ಹೊಸ ಸಂಹಿತೆಯಲ್ಲಿ ಅದು 144ನೇ ಕಲಮು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕಕ್ಕೆ ಬರಬೇಕು, ಇಬ್ಬರೂ ಆಸ್ತಿ-ಆದಾಯದ ಪ್ರಮಾಣಪತ್ರ ಕೊಡಬೇಕು ಎಂದು 2020ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾಯ್ದೆಯಂತೆ ಆದಾಯ ಎಷ್ಟೇ ಇರಲಿ, ಪ್ರತಿ ಮಹಿಳೆಗೂ ಉಚಿತ ಕಾನೂನು ನೆರವು ಸಿಗುತ್ತದೆ. ಸಹಾಯವಾಣಿ 15100.

ಇನ್ನೊಂದು ಮಾತು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರು ಹಾಸನದ ವಕೀಲೆ. ಅವರ ಕಥೆಯನ್ನು ಆಧರಿಸಿದ ‘ಹಸೀನಾ’ ಚಿತ್ರವನ್ನು ಗಿರೀಶ ಕಾಸರವಳ್ಳಿ 2004ರಲ್ಲಿ ತೆಗೆದರು. ಗಂಡ ಬಿಟ್ಟುಹೋದ ಹೆಣ್ಣೊಬ್ಬಳು ನ್ಯಾಯ ಕೇಳಿ ನಿಲ್ಲುವ ಕಥೆ ಅದು. ನಮ್ಮ ಹೆಣ್ಣುಮಕ್ಕಳ ಮಾತು ಕೇಳಲು ನಮ್ಮವರೇ ವಕೀಲರಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಬಾನು ಅವರೇ ಸಾಕ್ಷಿ. ಗಂಡಸರ ಮುಂದೆ ಹೇಳಲಾಗದ ಎಷ್ಟೋ ಸಂಗತಿಗಳನ್ನು ನನ್ನ ಕೋಣೆಯಲ್ಲಿ ಬುರ್ಖಾ ಸರಿಸಿ ಹೇಳಿಕೊಂಡವರಿದ್ದಾರೆ. ಆದ್ದರಿಂದ ಪಾಲಕರೆ, ಮಗಳು ಕಾನೂನು ಓದುತ್ತೇನೆಂದರೆ ‘ಕೋರ್ಟು ಕಚೇರಿ ನಮಗ್ಯಾಕ’ ಎನ್ನಬೇಡಿ.

ಮುದುಕಿಯ ವಿಷಯ ಹೇಳಿ ಮುಗಿಸುತ್ತೇನೆ. ಎರಡು ವರ್ಷದ ಮೇಲೆ ಟಿಕೋಟಾ ಸಂತೆಯಲ್ಲಿ ಅವರು ಸಿಕ್ಕರು. ನಾನೇ ಹೋಗಿ ಕ್ಷಮೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಹುಡುಗ ಸಾಲಿಗೆ ಹೋಗ್ತಾನೇನ್ರಿ?’ ಎಂದಷ್ಟೇ ಕೇಳಿದರು. ಹೋಗುತ್ತಾನೆ ಎಂದೆ. ಆ ಸಂಜೆಯೇ ಹುಡುಗನ ತಾಯಿಗೆ ಹೇಳಿಕಳಿಸಿದೆ. ಮುಂದಿನ ಈದ್ ದಿನ ಆಕೆ ಮಗನನ್ನು ಕರೆದುಕೊಂಡು ದಾದಿಯ ಮನೆಗೆ ಹೋದಳು.