ಗದಗಿನಿಂದ ಢಾಕಾಕ್ಕೆ: ಸುನಿಲ್ ಜೋಶಿಯವರ ಎರಡು ಇನಿಂಗ್ಸ್

(ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ನಿವೃತ್ತ ದೈಹಿಕ ಶಿಕ್ಷಕರು ಮಾಡಿದ ಭಾಷಣ)



ಈ ಶಾಲೆಯಲ್ಲಿ 22 ವರ್ಷ ಸೀಟಿ ಊದಿದವನು ನಾನು. ಭಾಷಣ ನನ್ನ ಕಸುಬಲ್ಲ. ಕ್ರೀಡೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಮಿತಿಯವರು ಕೇಳಿದಾಗ, ಉಪದೇಶ ಮಾಡುವುದಕ್ಕಿಂತ ನಮ್ಮ ಸೀಮೆಯವರೇ ಆದ ಒಬ್ಬ ಆಟಗಾರರ ಬದುಕನ್ನು ನಿಮ್ಮ ಮುಂದಿಡೋಣ ಎನಿಸಿತು. ಅವರು ಗದಗಿನ ಸುನಿಲ್ ಜೋಶಿ.

ಜೋಶಿಯವರು ಹುಟ್ಟಿದ್ದು 1970ರ ಜೂನ್ 6ರಂದು. ಆಗ ಗದಗ ಇನ್ನೂ ಜಿಲ್ಲೆಯಾಗಿರಲಿಲ್ಲ, ಧಾರವಾಡ ಜಿಲ್ಲೆಯ ಒಂದು ತಾಲ್ಲೂಕು. ಶಾಲೆಯ ದಿನಗಳಲ್ಲಿ ಅವರು ಬೆಳಗಿನ ಜಾವ ಎದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮತ್ತೆ ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. ಒಂದು ಕಡೆಯ ದಾರಿಯೇ ಸುಮಾರು 60 ಕಿಲೋಮೀಟರ್. ಮಕ್ಕಳೇ, ಅವರು ಆಟಕ್ಕಾಗಿ ಶಾಲೆ ಬಿಡಲಿಲ್ಲ, ಶಾಲೆಗಾಗಿ ಆಟವನ್ನೂ ಬಿಡಲಿಲ್ಲ. ಬಿಟ್ಟದ್ದು ಬೆಳಗಿನ ನಿದ್ದೆಯನ್ನು ಮಾತ್ರ.

ಎಡಗೈ ಸ್ಪಿನ್ ಬೌಲಿಂಗ್, ಜೊತೆಗೆ ಕೆಳಗಿನ ಕ್ರಮಾಂಕದಲ್ಲಿ ಗಟ್ಟಿ ಬ್ಯಾಟಿಂಗ್. 1995-96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್ ಹೊಡೆದು, 50ಕ್ಕೂ ಹೆಚ್ಚು ವಿಕೆಟ್ ಪಡೆದರು. ಆ ವರ್ಷ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. ಮರು ಬೇಸಿಗೆಯಲ್ಲೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರಿಗೆ ಟೆಸ್ಟ್ ಪದಾರ್ಪಣೆ.

ನಿಮ್ಮಲ್ಲಿ ನಡುವಯಸ್ಸಿನವರಿಗೆ 1999ರ ಸೆಪ್ಟೆಂಬರ್ 26 ನೆನಪಿರಬಹುದು. ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಜೋಶಿ 10 ಓವರ್ ಎಸೆದರು. ಅದರಲ್ಲಿ 6 ಮೇಡನ್. ಕೊಟ್ಟ ರನ್ ಬರೀ 6, ಕಿತ್ತ ವಿಕೆಟ್ 5. ಎದುರಾಳಿಗಳು 117ಕ್ಕೆ ಆಲೌಟ್.

ಮರುವರ್ಷ, 2000ದ ನವೆಂಬರ್‌ನಲ್ಲಿ, ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದ್ದು ಢಾಕಾದಲ್ಲಿ, ಭಾರತದ ವಿರುದ್ಧ. ಮೊದಲ ಇನಿಂಗ್ಸ್‌ನಲ್ಲಿ ಆ ತಂಡ 400 ರನ್ ಹೊಡೆದು ಎಲ್ಲರನ್ನೂ ಬೆರಗುಗೊಳಿಸಿತು. ಜೋಶಿ ಅದರಲ್ಲಿ 5 ವಿಕೆಟ್ ಪಡೆದರು, ಬ್ಯಾಟು ಹಿಡಿದು 92 ರನ್ ಗಳಿಸಿದರು, ಎರಡನೇ ಇನಿಂಗ್ಸ್‌ನಲ್ಲಿ ಮತ್ತೆ 3 ವಿಕೆಟ್ ಉರುಳಿಸಿದರು. 91ಕ್ಕೆ ಕುಸಿದ ಬಾಂಗ್ಲಾ ಸೋತಿತು. ಪಂದ್ಯ ಪುರುಷ ನಮ್ಮ ಗದಗಿನವರು.

ಇಷ್ಟಾದರೂ ಅವರಿಗೆ ಸಿಕ್ಕಿದ್ದು ಒಟ್ಟು 15 ಟೆಸ್ಟ್, 69 ಏಕದಿನ ಪಂದ್ಯ. 2001ರ ನಂತರ ಭಾರತ ತಂಡದಲ್ಲಿ ಸ್ಥಾನವಿಲ್ಲ. ಆದರೂ ಕರ್ನಾಟಕಕ್ಕಾಗಿ ವರ್ಷಗಟ್ಟಲೆ ಬೌಲ್ ಮಾಡಿದರು. ಪ್ರಥಮ ದರ್ಜೆಯಲ್ಲಿ 600ಕ್ಕೂ ಹೆಚ್ಚು ವಿಕೆಟ್, 5,000ಕ್ಕೂ ಹೆಚ್ಚು ರನ್ ಅವರ ಲೆಕ್ಕದಲ್ಲಿವೆ.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದರ ಮುಂದಿನ ಮಾತು. ಆಟ ನಿಲ್ಲಿಸಿದ ಮೇಲೆ ಅವರು ತರಬೇತುದಾರರಾದರು. 2014ರಲ್ಲಿ ಅವರಿದ್ದದ್ದು ಜಮ್ಮು ಕಾಶ್ಮೀರ ತಂಡದ ಜೊತೆ. ಆ ಸೆಪ್ಟೆಂಬರ್‌ನಲ್ಲಿ ಝೇಲಂ ಉಕ್ಕಿ ಶ್ರೀನಗರದ ಕ್ರೀಡಾಂಗಣವೂ ನೀರಲ್ಲಿ ಮುಳುಗಿತ್ತು. ಅಭ್ಯಾಸಕ್ಕೆ ತಮ್ಮೂರಿನ ನೆಲವೇ ಇಲ್ಲದ ಆ ಹುಡುಗರು ಡಿಸೆಂಬರ್‌ನಲ್ಲಿ ಮುಂಬೈಗೆ ಹೋಗಿ, 40 ಸಲ ರಣಜಿ ಗೆದ್ದ ತಂಡವನ್ನು ವಾಂಖೆಡೆಯಲ್ಲೇ 4 ವಿಕೆಟ್‌ಗಳಿಂದ ಸೋಲಿಸಿದರು.

ಆಮೇಲೆ ಓಮನ್ ತಂಡಕ್ಕೆ ಸ್ಪಿನ್ ಬೌಲಿಂಗ್ ಕಲಿಸಿದರು. ಆ ತಂಡ 2016ರ ಟಿ-20 ವಿಶ್ವಕಪ್‌ನಲ್ಲಿ, ಧರ್ಮಶಾಲೆಯಲ್ಲಿ ಐರ್ಲೆಂಡನ್ನು ಮಣಿಸಿತು.

2017ರಲ್ಲಿ ಅವರನ್ನು ಸ್ಪಿನ್ ಸಲಹೆಗಾರರಾಗಿ ಕರೆಸಿಕೊಂಡವರು ಯಾರು ಗೊತ್ತೇ? ಅದೇ ಬಾಂಗ್ಲಾದೇಶದವರು. ಯಾವ ತಂಡದ ಮೊದಲ ಟೆಸ್ಟಿನಲ್ಲೇ 8 ವಿಕೆಟ್ ಕಿತ್ತಿದ್ದರೋ, 17 ವರ್ಷಗಳ ನಂತರ ಅದೇ ದೇಶದ ಹುಡುಗರಿಗೆ ತಮ್ಮ ವಿದ್ಯೆ ಹೇಳಿಕೊಡಲು ಹೋದರು. 2018ರ ಕೊನೆಗೆ ವೆಸ್ಟ್ ಇಂಡೀಸ್ ಅಲ್ಲಿಗೆ ಬಂದು ಎರಡು ಟೆಸ್ಟ್ ಆಡಿತು. ಬಾಂಗ್ಲಾ ಎರಡನ್ನೂ ಗೆದ್ದಿತು. ಎರಡೂ ಪಂದ್ಯಗಳ 40 ವಿಕೆಟ್‌ಗಳೂ ಸ್ಪಿನ್ನರ್‌ಗಳ ಪಾಲು. ನಯೀಮ್ ಹಸನ್ ಎಂಬ 17 ವರ್ಷದ ಹುಡುಗ ಮೊದಲ ಟೆಸ್ಟಿನಲ್ಲೇ 5 ವಿಕೆಟ್ ಪಡೆದ. ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗಿಂತ ಒಂದೆರಡು ವರ್ಷ ದೊಡ್ಡವನು ಅಷ್ಟೇ! ಮೀರ್‌ಪುರದ ಎರಡನೇ ಟೆಸ್ಟಿನಲ್ಲಿ ಮೆಹಿದಿ ಹಸನ್ 12 ವಿಕೆಟ್ ಉರುಳಿಸಿದ. ಆ ಸ್ಕೋರ್ ಪಟ್ಟಿಯಲ್ಲಿ ಹುಡುಕಿದರೆ ಜೋಶಿಯವರ ಹೆಸರು ಎಲ್ಲೂ ಸಿಗುವುದಿಲ್ಲ. ಆಡಿದವರು ಆ ಹುಡುಗರು, ಗೆದ್ದವರೂ ಅವರೇ. ಪಕ್ಕದಲ್ಲಿ ನಿಂತು ಹೇಳಿಕೊಟ್ಟವರ ಸಂತೋಷ ಬೇರೆಯೇ ಬಗೆಯದು. ಇಲ್ಲಿ ಕೂತಿರುವ ಗುರುಗಳಿಗೆ ಅದನ್ನು ನಾನು ವಿವರಿಸಬೇಕಿಲ್ಲ.

2020ರ ಮಾರ್ಚ್‌ನಲ್ಲಿ ಅವರು ಭಾರತ ತಂಡದ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಬೆಳಗಿನ ಜಾವ ಹುಬ್ಬಳ್ಳಿಗೆ ಹೊರಡುತ್ತಿದ್ದ ಹುಡುಗ ದೇಶದ ತಂಡ ಆರಿಸುವ ಕುರ್ಚಿಯಲ್ಲಿ ಕೂತರು.

ಬಂಧುಗಳೇ, ಈ ಕಥೆಯನ್ನು ಇಲ್ಲಿ ಹೇಳಿದ್ದಕ್ಕೆ ಕಾರಣವಿದೆ. ನಾನು ನಿವೃತ್ತನಾದ ಮೇಲೆ ಈ ಶಾಲೆಗೆ ಕಾಯಂ ದೈಹಿಕ ಶಿಕ್ಷಕರು ಬಂದಿಲ್ಲ. ಆಟದ ಪೀರಿಯಡ್ ಈಗ ಗಣಿತದ ವಿಶೇಷ ತರಗತಿಯಾಗಿದೆ. ಹೆಣ್ಣುಮಕ್ಕಳ ಖೋಖೋ ಅಂಕಣದಲ್ಲಿ ಕರಿಕೆ ಬೆಳೆದಿದೆ. ಇದಕ್ಕೆ ಯಾರನ್ನೂ ದೂರುವುದಿಲ್ಲ. ಫಲಿತಾಂಶದ ಒತ್ತಡ ಮುಖ್ಯಗುರುಗಳ ಮೇಲೆ ಎಷ್ಟಿದೆ ಎಂಬುದನ್ನು ನಾನೂ ಬಲ್ಲೆ.

ಆದರೆ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮಲ್ಲಿ ಸೈನ್ಯ, ಪೊಲೀಸ್ ಇಲಾಖೆ ಸೇರಿದವರಿದ್ದೀರಿ. ಜಿಲ್ಲಾ ತಂಡದಲ್ಲಿ ಕಬಡ್ಡಿ ಆಡಿದವರಿದ್ದೀರಿ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ, ಸಂತೋಷ. ಅದರ ಜೊತೆಗೆ, ರಜೆಗೆ ಊರಿಗೆ ಬಂದಾಗ ಎರಡು ಬೆಳಗು ಈ ಮೈದಾನಕ್ಕೆ ಬನ್ನಿ. ನಿಮಗೆ ಬರುವುದನ್ನು ಈ ಮಕ್ಕಳಿಗೆ ಹೇಳಿಕೊಡಿ. ಜೋಶಿಯವರು ಎದುರಾಳಿಗಳಾಗಿದ್ದವರ ದೇಶಕ್ಕೇ ಹೋಗಿ ಕಲಿಸಿದರು. ಇವರು ನಮ್ಮವೇ ಮಕ್ಕಳು.

ಊರಿನವರು ಕರಿಕೆ ತೆಗೆಸಿ ಅಂಕಣ ಸರಿಮಾಡಿಕೊಟ್ಟರೆ ಸಾಕು. ಸುಣ್ಣದ ಗೆರೆ ಹಾಕಲು ನಾನಿದ್ದೇನೆ. ಸೀಟಿಯೂ ನನ್ನ ಬಳಿ ಇದೆ.