ಬಿಡುಗಡೆಯ ಬಳಿಕದ ಜೊತೆ



ಮನೋರೋಗಕ್ಕೆ ಆಸ್ಪತ್ರೆ ಸೇರಿ ಚೇತರಿಸಿಕೊಂಡ ನಾವು, ಈಗ ಅಲ್ಲಿಂದ ಮನೆಗೆ ಮರಳುವವರಿಗೆ ಜೊತೆಗಾರರಾಗಿ ದುಡಿಯುತ್ತಿದ್ದೇವೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ನೆರಳನ್ನು ನಂಬಿ ಬಿಟ್ಟುಹೋಗಿದ್ದ 28 ಮಂದಿ ರೋಗಿಗಳು ಬೆಂಕಿಗೆ ಬಲಿಯಾದರು. ಸರಪಳಿ ಅವರನ್ನು ಓಡಗೊಡಲಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರಪಳಿಯನ್ನು ನಿಷೇಧಿಸಿತು. ಬಿಡುಗಡೆಯ ನಂತರದ ಚಿಕಿತ್ಸೆಯನ್ನು ರೋಗಿಯೊಂದಿಗೆ ಸಮಾಲೋಚಿಸಿಯೇ ನಿರ್ಧರಿಸಬೇಕೆಂದಿತು. ಆದರೆ ದಿನನಿತ್ಯ ಮಾತ್ರೆಯನ್ನು ನೆನಪಿಸಲು ಕಾಯ್ದೆ ಮನೆಗೆ ಬರುವುದಿಲ್ಲ. ನಿದ್ದೆ ಸರಿಹೋದೊಡನೆ ಮಾತ್ರೆ ಬಿಡುವ ಆಸೆ ಹುಟ್ಟುತ್ತದೆ, ನಮಗೂ ಹುಟ್ಟಿತ್ತು. "ಇನ್ನೂ ಏಕೆ ನುಂಗುತ್ತೀ?" ಎಂದು ಮನೆಯವರು ಕೇಳುವುದೂ ಆಗಲೇ. ಲಿಥಿಯಂ ಸೇವಿಸುವವರನ್ನು ರಮಝಾನ್‌ಗೆ ಮುನ್ನವೇ ವೈದ್ಯರ ಬಳಿಗೆ ಕರೆದೊಯ್ಯುತ್ತೇವೆ. ದೇಹದಲ್ಲಿ ನೀರು ಕುಗ್ಗಿದರೆ ಆ ಔಷಧವೇ ವಿಷವಾಗಬಹುದು. ಮಗಳ ಸಂಬಂಧ ತಪ್ಪೀತೆಂದು ಅಂಜಿ ಕೆಲವರು ನಮ್ಮನ್ನು ಹಿಂಬಾಗಿಲಿನಿಂದ ಕರೆಯುತ್ತಾರೆ. ಹಾಗೆಯೇ ಹೋಗುತ್ತೇವೆ.